ಅಳದ ಹುಡುಗ, ಸಿಗದ ಕೀ

ಡಿಸೆಂಬರ್ ರಾತ್ರಿ, ಕೋಲಾರದ ಚಳಿ. ಕ್ಯಾಶುವಾಲ್ಟಿಯಲ್ಲಿ ನರಸಾಪುರ ಕಡೆಯ ಎರಡು ಆಕ್ಸಿಡೆಂಟ್ ಕೇಸು ಒಟ್ಟಿಗೆ ಬಂದಿದ್ದವು. ಅಷ್ಟರಲ್ಲಿ ಮಾಲೂರಿನ ಇಟ್ಟಿಗೆ ಗೂಡಿನಿಂದ ಒಬ್ಬ ಅಪ್ಪ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದ. ಒಡಿಶಾದ ಬಲಂಗೀರ್‌ನವರು. ಹುಡುಗನಿಗೆ 9 ವರ್ಷ, 20 ಕೆಜಿ. ಅಪ್ಪನ ಜೇಬಲ್ಲಿ ಮಡಚಿ ಮಡಚಿ ಹರಿದಿದ್ದ ಚೀಟಿ: ಸಿಕಲ್ ಸೆಲ್. ರಕ್ತಕಣಗಳು ಬಾಗಿ ನಾಳದಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡೋ ಕಾಯಿಲೆ.

ಹುಡುಗ ಅಳುತ್ತಿರಲಿಲ್ಲ. ಮೊಬೈಲಲ್ಲಿ ಕಾರ್ಟೂನ್ ನೋಡುತ್ತಿದ್ದ. ಜ್ವರ ಇಲ್ಲ, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 97. ಅಷ್ಟೇನೂ ನೋವಿಲ್ಲ ಅಂದುಕೊಂಡೆ. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಬೆಂಚಲ್ಲಿ ಕೂರಿಸಿದೆ. ಉಳುಕಿಗೆ ಇಡೋ ಅಭ್ಯಾಸ ನೋಡಿ, ಮೊಣಕಾಲಿಗೆ ಐಸ್ ಪ್ಯಾಕೂ ಇಟ್ಟೆ.

40 ನಿಮಿಷ ಆದ ಮೇಲೆ ಆ ಕಡೆ ಹೋದೆ. ಮೊಬೈಲ್ ಚಾರ್ಜ್ ಮುಗಿದು ಆಫ್ ಆಗಿತ್ತು. ಹುಡುಗ ಆ ಕಪ್ಪು ಸ್ಕ್ರೀನನ್ನೇ ನೋಡುತ್ತಾ ಕೂತಿದ್ದ. ಕಾಲ್ಬೆರಳು ಮುದುರಿಕೊಂಡಿದ್ದವು, ಕೆಳತುಟಿಯಲ್ಲಿ ಹಲ್ಲಿನ ಗುರುತು. ನೋವು ಎಷ್ಟಿದೆ ಅಂತ ಬೆರಳಿಟ್ಟು ತೋರಿಸೋ ಮುಖದ ಚಾರ್ಟ್ ಹಿಡಿದೆ. ಕೊನೆಯ ಅಳುಮುಖದ ಮೇಲೆ ಬೆರಳಿಟ್ಟ. ಅತ್ತು ಮೈ ಅಲುಗಿದರೆ ಜಾಸ್ತಿ ನೋಯುತ್ತೆ, ಅದಕ್ಕೇ ಅಳಲ್ಲ ಅಂತ ಅಪ್ಪ ಹಿಂದಿಯಲ್ಲಿ ಹೇಳಿದ.

ಡ್ಯೂಟಿ ಡಾಕ್ಟರ್ ಬಂದವರೇ ಐಸ್ ಪ್ಯಾಕ್ ನೋಡಿದರು. "ಸಿಸ್ಟರ್, ಇದನ್ನ ಯಾರು ಇಟ್ಟಿದ್ದು?" ತಣ್ಣಗಾದರೆ ರಕ್ತನಾಳ ಇನ್ನೂ ಬಿಗಿಯುತ್ತೆ, ಕುಡುಗೋಲಿನಂತೆ ಬಾಗಿದ ಕಣಗಳು ಇನ್ನೂ ಸಿಕ್ಕಿಕೊಳ್ಳುತ್ತವೆ. ಪರೀಕ್ಷೆಗೆ ಓದಿ ಬರೆದಿದ್ದೆ ಇದನ್ನ! "ನಾನೇ ಸರ್" ಅಂದೆ. ಐಸ್ ತೆಗೆದು ಕಂಬಳಿ ಹೊದಿಸಿದೆ.

ಮಾರ್ಫಿನ್ ಬರೆದರು, ಕೆಜಿಗೆ 0.1 ಲೆಕ್ಕದಲ್ಲಿ 2 ಮಿಗ್ರಾಂ. ರಕ್ತನಾಳಕ್ಕೆ ಔಷಧಿ ಕೊಡೋ ಕ್ಯಾನುಲಾ ಹಾಕಿದ್ದಾಯಿತು. ಮಾರ್ಫಿನ್ ಇಡೋ ಬೀರುವಿನ ಕೀ? ಇನ್‌ಚಾರ್ಜ್ ಸಿಸ್ಟರ್ ಹತ್ತಿರ. ಅವರು ಮೂರನೇ ಮಹಡಿಯಲ್ಲಿ. ಲಿಫ್ಟ್ ರಾತ್ರಿ ಬಂದ್. ಹುಡುಗ ಬಂದಿದ್ದು 11:10ಕ್ಕೆ, ಔಷಧಿ ಒಳಗೆ ಹೋಗಿದ್ದು 12:25ಕ್ಕೆ. ಒಂದು ಗಂಟೆಯೊಳಗೆ ಹೋಗಬೇಕಿದ್ದ ಡೋಸ್. ಕೀ ಹುಡುಕಿದ್ದು ಅರ್ಧ ಹೊತ್ತು, ಉಳಿದರ್ಧ ನನ್ನದೇ.

ಅರ್ಧ ಗಂಟೆ ಬಿಟ್ಟು ಮತ್ತೆ ಚಾರ್ಟ್ ಹಿಡಿದೆ. ಬೆರಳು ಎರಡೇ ಮುಖ ಹಿಂದೆ ಬಂತು. ಉಸಿರಾಟ ಎಣಿಸಿ ಇನ್ನೊಂದು ಡೋಸ್ ಕೊಟ್ಟೆವು. ಆಮೇಲೆ ಕಾಲ್ಬೆರಳು ಬಿಚ್ಚಿದವು. ಚಾರ್ಜರ್ ಕೇಳಿದ.

ಮರುದಿನ ನನಗೆ ಮೆಮೊ ಬಂತು. ತಡ ಆಗಿದ್ದಕ್ಕಲ್ಲ, ಐಸಿಗೂ ಅಲ್ಲ. ಮಾರ್ಫಿನ್ ಆಂಪೂಲಿನಲ್ಲಿ ಉಳಿದಿದ್ದನ್ನು ಚೆಲ್ಲಿದ್ದು ಅಂತ ರಿಜಿಸ್ಟರಲ್ಲಿ ಬರೆದ ಸಾಲಿನಲ್ಲಿ ಎರಡನೇ ಸಹಿ ಇರಲಿಲ್ಲವಂತೆ. ಕೀ ಈಗಲೂ ಮೂರನೇ ಮಹಡಿಯಲ್ಲೇ ಇದೆ.