ಆ ಪದವೇ ಯಾಕೆ?

ಮೊದಲ ಸೆಮಿಸ್ಟರಿನ ಎರಡನೇ ವಾರ ನಮ್ಮ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲಿ ಒಂದು ಪದ್ಯ. ಬರೆದವರ ಹೆಸರಿಲ್ಲ, ಇಸವಿಯಿಲ್ಲ, ತಲೆಬರಹವೂ ಇಲ್ಲ. ಓದಿ ಅನಿಸಿದ್ದು ಬರೆಯಿರಿ, ಮುಕ್ಕಾಲು ಗಂಟೆ ಟೈಮಿದೆ ಅಂದರು. ನಾನು ಶಾಲೆಯಲ್ಲಿ ಪದ್ಯಗಳಿಗೆ ಸಾರಾಂಶ ಬರೆದು ಬರೆದು ಪಳಗಿದವಳು. ಅದೇ ಅಭ್ಯಾಸದಲ್ಲಿ ಎರಡು ಪುಟ ತುಂಬಿಸಿದೆ. ಕವಿಗೆ ದುಃಖವಾಗಿದೆ, ಪ್ರಕೃತಿ ಆ ದುಃಖಕ್ಕೆ ಕನ್ನಡಿ ಹಿಡಿದಿದೆ, ಹೀಗೆ. ಮುಂದಿನ ವಾರ ಹಾಳೆ ವಾಪಸ್ ಬಂದಾಗ ಅಂಕ ಇರಲಿಲ್ಲ. ನನ್ನ ಮೂರು ವಾಕ್ಯಗಳ ಕೆಳಗೆ ಗೆರೆ ಎಳೆದು, ಮೂರರ ಪಕ್ಕದಲ್ಲೂ ಒಂದೇ ಪ್ರಶ್ನೆ ಬರೆದಿದ್ದರು: ‘ಇದು ಪದ್ಯದಲ್ಲಿ ಎಲ್ಲಿದೆ?’

ಎಲ್ಲೂ ಇರಲಿಲ್ಲ.

ಈ ಪ್ರಯೋಗಕ್ಕೆ ಹೆಚ್ಚುಕಡಿಮೆ ನೂರು ವರ್ಷವಾಗಿದೆ ಅಂತ ಆಮೇಲೆ ಗೊತ್ತಾಯಿತು. 1920ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಐ.ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಹೀಗೆಯೇ ಹೆಸರಿಲ್ಲದ ಪದ್ಯಗಳನ್ನು ಕೊಟ್ಟು, ಅವರು ಬರೆದದ್ದನ್ನೆಲ್ಲ ಕೂಡಿಟ್ಟು, 1929ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ 13 ಪದ್ಯಗಳಿವೆ. ಚೆನ್ನಾಗಿ ಓದಿಕೊಂಡವರೇ ಮುಂದಿರುವ ಸಾಲನ್ನು ಬಿಟ್ಟು ತಮ್ಮ ತಲೆಯಲ್ಲಿದ್ದದ್ದನ್ನು ಓದಿದ್ದರು. ಹೆಸರು ತೆಗೆದುಬಿಟ್ಟರೆ ಹಿಡಿದುಕೊಳ್ಳಲು ಪದ ಬಿಟ್ಟು ಬೇರೇನೂ ಉಳಿಯುವುದಿಲ್ಲ, ಅಲ್ವಾ?

ನಾವು ಕ್ಲೋಸ್ ರೀಡಿಂಗ್ ಅನ್ನುವುದು ಇದಕ್ಕೇ. ಹೆಸರು ದೊಡ್ಡದು, ಕೆಲಸ ಮಾತ್ರ ತಾಳ್ಮೆಯದು. ಒಂದು ಸಾನೆಟ್‌ನಲ್ಲಿ 14 ಸಾಲು. ಆ 14 ಸಾಲಿಗೆ ಇಡೀ ಪೀರಿಯಡ್ ಸಾಲದೆ ಮರುದಿನಕ್ಕೂ ಎಳೆದಿದ್ದೇವೆ. ಸಾಲು ಎಲ್ಲಿ ಮುರಿದಿದೆ, ಕ್ರಿಯಾಪದ ಎಲ್ಲಿ ಇದ್ದಕ್ಕಿದ್ದಂತೆ ಭೂತಕಾಲಕ್ಕೆ ಹೊರಳಿದೆ, ಎಂಟು ಸಾಲು ಒಂದು ದಿಕ್ಕಿಗೆ ಹೋದ ಪದ್ಯ ಒಂಬತ್ತನೆಯದರಲ್ಲಿ ಯಾಕೆ ತಿರುಗಿತು, ಇಂಥವೇ. ಮೊದಲು ಬೇಸರವಾಗುತ್ತದೆ. ಆಮೇಲೆ ಒಂದು ದಿನ, ಯಾರೂ ಹೇಳಿಕೊಡದೆ, ನಿಮಗೇ ಏನೋ ಕಾಣಿಸುತ್ತದೆ. ಆ ಖುಷಿಗೋಸ್ಕರ ನಾನು ಈ ಕೋರ್ಸಿನಲ್ಲಿದ್ದೇನೆ.

ನನಗೆ ಅದು ಕಂಡದ್ದು ಮೊದಲ ಮಹಾಯುದ್ಧದ ಇಂಗ್ಲಿಷ್ ಸೈನಿಕ ಕವಿ ವಿಲ್ಫ್ರೆಡ್ ಓವೆನ್‌ನ ಒಂದು ಕರಡಿನಲ್ಲಿ. 1917ರಲ್ಲಿ ಆತ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಎಂಬ ಯುದ್ಧಕಾಲದ ಆಸ್ಪತ್ರೆಯಲ್ಲಿದ್ದ. ಅಲ್ಲೇ ಇದ್ದ ಇನ್ನೊಬ್ಬ ಸೈನಿಕ ಕವಿ ಸಿಗ್‌ಫ್ರೀಡ್ ಸಸೂನ್‌ಗೆ ತನ್ನ ಸಾನೆಟ್ ತೋರಿಸಿದ, ಸಸೂನ್ ತಿದ್ದಿಕೊಟ್ಟ. ಆ ಕರಡುಗಳು ಉಳಿದಿವೆ, ಮೇಡಂ ಅವುಗಳ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದರು. ಮೊದಲ ಸಾಲಿನಲ್ಲಿ ಹುಡುಗರು ‘ಇಷ್ಟು ಬೇಗ’ ಸಾಯುತ್ತಿದ್ದರು. ಕೊನೆಯ ರೂಪದಲ್ಲಿ ‘ದನಗಳ ಹಾಗೆ’ ಸಾಯುತ್ತಾರೆ. ತಲೆಬರಹದಲ್ಲಿ ‘ಡೆಡ್’ ಅಂತಿದ್ದದ್ದು ಸಸೂನ್ ಹೇಳಿದ ಮೇಲೆ ‘ಡೂಮ್ಡ್’ ಆಗಿ, ‘ಆಂಥೆಮ್ ಫಾರ್ ಡೂಮ್ಡ್ ಯೂತ್’ ಎಂದಾಯಿತು. ಈ ಎರಡನೆಯದನ್ನು ಕನ್ನಡಕ್ಕೆ ತರಲು ನಾನು ಒಂದು ಸಂಜೆಯೆಲ್ಲ ಒದ್ದಾಡಿದ್ದೇನೆ. ‘ಸತ್ತ’ ಅಂದರೆ ಮುಗಿಯಿತು, ಹೂವು ಇಟ್ಟು ಬರಬಹುದು. ‘ಡೂಮ್ಡ್’ ಹಾಗಲ್ಲ. ಸಾವು ಹಣೆಯಲ್ಲಿ ಬರೆದಾಗಿದೆ, ಆದರೆ ಹುಡುಗರು ಇನ್ನೂ ಉಸಿರಾಡುತ್ತಿದ್ದಾರೆ, ನಾವು ನೋಡುತ್ತಾ ನಿಂತಿದ್ದೇವೆ. ಒಂದೇ ಪದಕ್ಕೆ ಇಡೀ ಪದ್ಯದ ಹೊಣೆ ಓದುವವರ ಹೆಗಲಿಗೆ ಬಂದುಬಿಟ್ಟಿತು. ಓವೆನ್ ತೀರಿಕೊಂಡಿದ್ದು 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರ ಇದ್ದಾಗ. ಅವನಿಗೆ 25 ವರ್ಷ.

ಅವತ್ತಿನಿಂದ ಓದುವುದು ಬೇರೆ ಬರೆಯುವುದು ಬೇರೆ ಅಂತ ನನಗೆ ಅನಿಸಿಲ್ಲ. ಆದರೆ ಟೈಮ್‌ಟೇಬಲ್ ಹಾಗೆ ನೋಡುವುದಿಲ್ಲ. ಸಾಹಿತ್ಯ ಒಂದು ಪೇಪರ್, ಕ್ರಿಯೇಟಿವ್ ರೈಟಿಂಗ್ ಇನ್ನೊಂದು, ಅದೂ ಐಚ್ಛಿಕ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆ ಕರಡನ್ನು ಎರಡೂ ಕ್ಲಾಸಿನಲ್ಲಿ ಇಡಬೇಕು.

ವರ್ಕ್‌ಶಾಪ್ ಬಗ್ಗೆ ಹೇಳಲೇಬೇಕು. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಕಾರ್ಯಕ್ರಮದಿಂದ ಈ ಪದ್ಧತಿ ಹೆಚ್ಚು ಹೆಸರಾಯಿತು. ನಿಮ್ಮ ಕಥೆಯನ್ನು ಎಲ್ಲರೂ ಮೊದಲೇ ಓದಿಕೊಂಡು ಬರುತ್ತಾರೆ, ಸುತ್ತ ಕೂತು ಮಾತಾಡುತ್ತಾರೆ, ಬರೆದವರು ಬಾಯಿ ಬಿಡುವ ಹಾಗಿಲ್ಲ. ಈ ಮೌನದ ನಿಯಮವನ್ನು ಈಗ ಎಷ್ಟೋ ಶಿಕ್ಷಕರು ಸಡಿಲಿಸಿದ್ದಾರೆ, ಅದು ಒಳ್ಳೆಯದೇ. ಒಬ್ಬರ ಬದುಕಿನ ಹಿನ್ನೆಲೆಯೇ ಗೊತ್ತಿಲ್ಲದವರು ಗಂಟೆಗಟ್ಟಲೆ ಅದರ ಬಗ್ಗೆ ಮಾತಾಡುವಾಗ ಸುಮ್ನೆ ಕೂರುವುದು ಸುಲಭವಲ್ಲ. ಆದರೆ ನನಗೆ ಆ ಮೌನದಿಂದ ಲಾಭವೇ ಜಾಸ್ತಿ ಆಯಿತು.

ನನ್ನ ಕಥೆಯಲ್ಲಿ ಒಬ್ಬ ಮಗಳು, ಅಪ್ಪ ತೀರಿಕೊಂಡ ಮೇಲೆ, ಖಾಲಿ ಮನೆಗೆ ಬರುತ್ತಾಳೆ. ‘ಮನೆಯೆಲ್ಲ ಬಿಕೋ ಅನ್ನುತ್ತಿತ್ತು, ಅವಳ ಎದೆ ಭಾರವಾಯಿತು’ ಎಂಬರ್ಥದ ಸಾಲು ಬರೆದಿದ್ದೆ. ಒಬ್ಬ ಸಹಪಾಠಿ ಮೆಲ್ಲಗೆ ಕೇಳಿದಳು, “ಅವಳು ಏನು ನೋಡಿದಳು?” ಉತ್ತರ ಹೇಳುವ ಹಾಗಿಲ್ಲ. ಹೇಳಲು ಉತ್ತರವೂ ಇರಲಿಲ್ಲ. ನಾನು ಆ ಮನೆಯೊಳಗೆ ಹೋಗಿಯೇ ಇರಲಿಲ್ಲ ಅಂತ ಅಲ್ಲೇ ಹೊಳೆಯಿತು. ಅವತ್ತು ರಾತ್ರಿ ಎದೆಯನ್ನೂ ಭಾರವನ್ನೂ ತೆಗೆದುಹಾಕಿದೆ. ಗೋಡೆಯಲ್ಲಿ ಗಡಿಯಾರ ಇದ್ದ ಜಾಗ ಮಾತ್ರ ಬೆಳ್ಳಗೆ ದುಂಡಗೆ ಉಳಿದಿತ್ತು ಅಂತ ಬರೆದೆ. ಅಷ್ಟೇ. ಓದಿ ನೋಡಿದಾಗ ನನಗೇ ಗಂಟಲು ಕಟ್ಟಿತು.

ಪ್ರಬಂಧ ಬರೆಯುವಾಗಲೂ ‘ಆ ಪದವೇ ಯಾಕೆ?’ ಎಂಬ ಪ್ರಶ್ನೆ ನೆರವಿಗೆ ಬರುತ್ತದೆ. ಯಾರೂ ಅಲ್ಲಗಳೆಯಲಾಗದ ಮಾತನ್ನು ವಾದ ಅಂತ ಇಟ್ಟರೆ ಪ್ರಬಂಧ ಎರಡನೇ ಪ್ಯಾರಾದಲ್ಲೇ ಉಸಿರು ಬಿಡುತ್ತದೆ. ‘ಓವೆನ್‌ನ ಪದ್ಯ ಯುದ್ಧವನ್ನು ವಿರೋಧಿಸುತ್ತದೆ’ ಅನ್ನುವುದಕ್ಕೆ ಎದುರು ಮಾತಿಲ್ಲ. ಈ ತಲೆಬರಹ ಓದುಗರನ್ನೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುತ್ತದೆ ಅನ್ನಿ, ಆಗ ಪಕ್ಕದಲ್ಲಿ ಕೂತವರು ಹೌದಾ ಅಂತ ತಿರುಗಿ ನೋಡುತ್ತಾರೆ.

ಮುಂದಿನ ವಾರ ಆ ಕಥೆಯ ನಾಲ್ಕನೇ ಡ್ರಾಫ್ಟ್ ವರ್ಕ್‌ಶಾಪಿಗೆ ಹೋಗಬೇಕು. ಗಡಿಯಾರ ಉಳಿದಿದೆ. ಬಾಗಿಲ ಹತ್ತಿರ ಅಪ್ಪನ ಚಪ್ಪಲಿ ಇರಲಾ, ಬೇಡವಾ, ಇನ್ನೂ ತೀರ್ಮಾನಿಸಿಲ್ಲ.