ವೆಬ್ ಡಿಸೈನ್ ಸಾಫ್ಟ್‌ವೇರ್ ಅಪ್‌ಗ್ರೇಡ್: ಗುಂಡಿ ಒತ್ತುವ ಮುಂಚೆ

ಹೊಸ ಆವೃತ್ತಿಯ ಫೀಚರ್ ಪಟ್ಟಿ ಓದಿ, ಅಪ್‌ಗ್ರೇಡ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವವರೇ ಹೆಚ್ಚು. ಆ ಪಟ್ಟಿ ಬರೆಯುವವರು ಮಾರುವವರು. ಏನು ಸೇರಿತು ಅನ್ನುವುದು ಅದರಲ್ಲಿ ದಪ್ಪಕ್ಷರದಲ್ಲಿರುತ್ತದೆ, ಏನು ಹೋಯಿತು ಅನ್ನುವುದು ಇರುವುದೇ ಇಲ್ಲ. ಪಟ್ಟಿ ಪಕ್ಕಕ್ಕಿಟ್ಟು ಮೊದಲು ಇದನ್ನು ನೋಡಿ: ನಿಮ್ಮ ಕೆಲಸ ಯಾವ ಫೈಲಿನಲ್ಲಿ ಕೂತಿದೆ?

ಅಡೋಬಿಯ ಡ್ರೀಮ್‌ವೀವರ್ ಥರದ ಪುಟ ಬರೆಯುವ ಸಾಫ್ಟ್‌ವೇರಿನಲ್ಲಿ ಕೆಲಸವೆಂದರೆ ಪುಟದ ಎಚ್‌ಟಿಎಂಎಲ್, ಅದರ ಅಂದಕ್ಕಿರುವ ಸಿಎಸ್‌ಎಸ್ ಫೈಲುಗಳೇ. ನಾಳೆ ಸಾಫ್ಟ್‌ವೇರ್ ಇಲ್ಲವಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಮುಂದುವರಿಸಬಹುದು. ಕೋಡ್ ಬರೆಯದೆ ಪುಟ ಜೋಡಿಸುವ ಮ್ಯೂಸ್ ಥರದ್ದರಲ್ಲಿ ಹಾಗಲ್ಲ. ಅಲ್ಲಿ ಕೆಲಸ ಇರುವುದು ಪ್ರಾಜೆಕ್ಟ್ ಫೈಲಿನಲ್ಲಿ, ಎಚ್‌ಟಿಎಂಎಲ್ ಅನ್ನುವುದು ಅದರಿಂದ ಹಿಂಡಿ ತೆಗೆದ ರಸ ಮಾತ್ರ. ಅಡೋಬಿಯವರು 2018ರ ಮಾರ್ಚ್ 26ರಂದು ಮ್ಯೂಸ್‌ಗೆ ಇನ್ನು ಹೊಸ ಫೀಚರ್ ಇಲ್ಲ ಎಂದರು, 2020ರ ಮಾರ್ಚ್ 26ಕ್ಕೆ ಬೆಂಬಲವನ್ನೂ ನಿಲ್ಲಿಸಿದರು. ಆಗ ಪ್ರಕಟವಾಗಿದ್ದ ಸೈಟುಗಳು ಓಡುತ್ತಲೇ ಇದ್ದವು, ಆದರೆ ತಿದ್ದಬೇಕೆಂದರೆ ಮ್ಯೂಸೇ ಬೇಕು. ಅದು ಉಗುಳಿದ ಕೋಡನ್ನು ಕೈಯಿಂದ ತಿದ್ದುವುದು ಸಿಕ್ಕುಬಿದ್ದ ದಾರ ಬಿಡಿಸಿದ ಹಾಗೆ. 2013ರಲ್ಲಿ ನಿಲ್ಲಿಸಿದ, ವೆಬ್ ಚಿತ್ರ ಮಾಡುವ ಫೈರ್‌ವರ್ಕ್ಸ್‌ನದ್ದು ಇನ್ನೊಂದು ಬಗೆ. ಅದರ ಫೈಲು ನೋಡಲು ಸಾಮಾನ್ಯ ಪಿಎನ್‌ಜಿ, ಒಳಗೆ ಬಿಡಿಬಿಡಿಯಾಗಿ ತಿದ್ದಬಹುದಾದ ಪದರಗಳು, ಅಂದರೆ ಲೇಯರುಗಳಿರುತ್ತವೆ. ಬೇರೆ ಕಡೆ ತೆರೆದರೆ ಚಪ್ಪಟೆ ಚಿತ್ರವಷ್ಟೇ ಕಾಣುತ್ತದೆ. ಅದನ್ನು ಹಾಗೇ ಸೇವ್ ಮಾಡಿಬಿಟ್ಟರೆ ಲೇಯರುಗಳ ಕತೆ ಮುಗಿಯಿತು.

ಪ್ರಾಜೆಕ್ಟ್ ಫೈಲಿನ ಸಾಫ್ಟ್‌ವೇರಿಗೆ ಇನ್ನೊಂದು ಗುಣವಿದೆ: ಬಾಗಿಲು ಒಂದೇ ಕಡೆ ತೆರೆಯುತ್ತದೆ. ಹೊಸದರಲ್ಲಿ ಸೇವ್ ಮಾಡಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ. ತಂಡದಲ್ಲಿ ನಾಲ್ಕು ಜನರಿದ್ದು ಒಬ್ಬರು ಅಪ್‌ಗ್ರೇಡ್ ಮಾಡಿ ಕಂಟ್ರೋಲ್-ಎಸ್ ಒತ್ತಿದರೆ ಉಳಿದ ಮೂವರು ಹೊರಗೆ. ಮ್ಯಾಕ್‌ನ ಡಿಸೈನ್ ಪ್ರೋಗ್ರಾಂ ಸ್ಕೆಚ್‌ನ 43ನೇ ಆವೃತ್ತಿಯಿಂದ (2017) ಫೈಲು ಒಂದು ಜಿಪ್ ಗಂಟು, ಒಳಗೆ ಜೇಸನ್ ಎಂಬ ಓದಬಹುದಾದ ಪಠ್ಯ. ಹೆಸರಿನ ಕೊನೆಯನ್ನು 'ಜಿಪ್' ಎಂದು ಬದಲಿಸಿದರೆ ಬಿಚ್ಚಿ ನೋಡಬಹುದು. ಸಂಕಟಕ್ಕೆ ಅಷ್ಟಾದರೂ ದಾರಿ ಇದೆ. ಬ್ರೌಸರಿನಲ್ಲೇ ನಡೆಯುವ ಫಿಗ್ಮಾ ಬಳಸುವವರಿಗೆ ಈ ಲೇಖನದ ಅರ್ಧ ಬೇಕಿಲ್ಲ. ಅಲ್ಲಿ ಆವೃತ್ತಿ ತಾನಾಗಿ ಬದಲಾಗುತ್ತದೆ, ಹಳೆಯದರಲ್ಲೇ ಉಳಿಯುತ್ತೇನೆ ಎಂದರೂ ಬಿಡುವುದಿಲ್ಲ.

ಈಗ ಹಳೆಯದು ನಿಜವಾಗಿ ಎಲ್ಲಿ ಕೈಕೊಡುತ್ತದೆ ನೋಡೋಣ. ಸಾಮಾನ್ಯವಾಗಿ ಮೊದಲು ಬೀಳುವುದು ಅಪ್‌ಲೋಡ್. ನಿನ್ನೆಯವರೆಗೆ ಸರಿಯಾಗಿದ್ದ ಎಸ್‌ಎಫ್‌ಟಿಪಿ (ಫೈಲನ್ನು ಸರ್ವರಿಗೆ ಸುರಕ್ಷಿತವಾಗಿ ಕಳುಹಿಸುವ ದಾರಿ) ಇವತ್ತು ಸಂಪರ್ಕವೇ ಆಗುವುದಿಲ್ಲ, ಪಾಸ್‌ವರ್ಡ್ ನೂರು ಸಲ ತಿದ್ದಿದರೂ ಪ್ರಯೋಜನವಿಲ್ಲ. ಕಾರಣ ಪಾಸ್‌ವರ್ಡ್ ಅಲ್ಲ. ಸರ್ವರಿನವರು ಆ ಸಂಪರ್ಕ ನೋಡಿಕೊಳ್ಳುವ ಓಪನ್ಎಸ್‌ಎಸ್‌ಎಚ್ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿರುತ್ತಾರೆ. ಅದರ 8.8ನೇ ಆವೃತ್ತಿಯಿಂದ (2021ರ ಸೆಪ್ಟೆಂಬರ್) ಗುರುತು ಸಾಬೀತು ಮಾಡುವ ಹಳೆಯ ಶಾ-1 ಆಧಾರಿತ ಆರ್‌ಎಸ್‌ಎ ಸಹಿಗಳನ್ನು ತಾನಾಗಿ ಒಪ್ಪುವುದಿಲ್ಲ. ಹಳೆಯ ಸಾಫ್ಟ್‌ವೇರಿಗೆ ಗೊತ್ತಿರುವುದು ಅದೊಂದೇ. ಇನ್ನೊಂದು ಸುರಕ್ಷಿತ ದಾರಿಯಾದ ಎಫ್‌ಟಿಪಿಎಸ್ ಆದರೆ, ಅದರ ಬೀಗದಂತಿರುವ ಟಿಎಲ್‌ಎಸ್‌ನ ಹಳೆಯ 1.0, 1.1 ಆವೃತ್ತಿಗಳನ್ನು ಸರ್ವರಿನಲ್ಲಿ ಮುಚ್ಚಿರುವುದು ಕಾರಣವಾಗಿರುತ್ತದೆ. ಆಗ ಸುಮ್ಮನೆ ಬೀಗವಿಲ್ಲದ ಎಫ್‌ಟಿಪಿಗೆ ಬದಲಾಯಿಸಿಕೊಂಡು ಕೆಲಸ ಸಾಗಿಸುವವರಿದ್ದಾರೆ. ದಯವಿಟ್ಟು ಬೇಡ, ಪಾಸ್‌ವರ್ಡ್ ಬಯಲಿನಲ್ಲಿ ಹೋಗುತ್ತದೆ. ಹಾಗಂತ ಇದೊಂದೇ ಕಾರಣಕ್ಕೆ ಹೊಸ ಆವೃತ್ತಿ ಕೊಳ್ಳುವುದೂ ಬೇಡ. ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿ ಹಾಕಿಕೊಂಡು ಅಪ್‌ಲೋಡನ್ನು ಬೇರೆ ಮಾಡಿದರೆ ಆಯಿತು, ಎರಡೂ ಉಚಿತ.

ಎರಡನೆಯದು ಆಪರೇಟಿಂಗ್ ಸಿಸ್ಟಂ. 2019ರಲ್ಲಿ ಬಂದ ಮ್ಯಾಕ್‌ಒಎಸ್ ಕ್ಯಾಟಲಿನಾ 32 ಬಿಟ್ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿತು. ಅಡೋಬಿಯ ಹಳೆಯ ಸಿಎಸ್6 ಕಂತೆಯ ಕಾಲದ ಡ್ರೀಮ್‌ವೀವರ್ ಅದರಲ್ಲಿ ತೆರೆಯುವುದೇ ಇಲ್ಲ. ಹಳೆಯ ಸಾಫ್ಟ್‌ವೇರಿಗಾಗಿ ಆಪರೇಟಿಂಗ್ ಸಿಸ್ಟಮನ್ನೇ ಹಿಡಿದು ನಿಲ್ಲಿಸಿದರೆ ಸ್ವಲ್ಪ ದಿನದಲ್ಲಿ ಬ್ರೌಸರೂ ನಿಲ್ಲುತ್ತದೆ: ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತಿತು. ಹಳೆಯ ಬ್ರೌಸರಿನಲ್ಲಿ ನೋಡಿಕೊಂಡು ಸೈಟ್ ಮಾಡುವುದು ಮಸುಕು ಕನ್ನಡಿಯಲ್ಲಿ ಮುಖ ನೋಡಿಕೊಂಡ ಹಾಗೆ. ನನ್ನ ಪ್ರಕಾರ ಅಪ್‌ಗ್ರೇಡ್‌ಗೆ ತಕರಾರಿಲ್ಲದ ಕಾರಣ ಇದೊಂದೇ.

ಮೂರನೆಯದು ಒಳಗಿನ ಪ್ರಿವ್ಯೂ. ಹಳೆಯ ಲೈವ್ ವ್ಯೂ ಒಳಗೆ ಆ ಕಾಲದ ಬ್ರೌಸರ್ ಎಂಜಿನ್ ಇರುತ್ತದೆ. ಪುಟವನ್ನು ಕಾಲಂ, ಸಾಲುಗಳಾಗಿ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದದ್ದು 2017ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ಸಾಫ್ಟ್‌ವೇರಿನಲ್ಲಿ ಗ್ರಿಡ್ ಪುಟ ತೆರೆದರೆ ಮೂರು ಕಾಲಂ ಪಕ್ಕಪಕ್ಕ ಇರಬೇಕಾದಲ್ಲಿ ಒಂದರ ಕೆಳಗೊಂದು ಬಂದು ಕೂರುತ್ತವೆ. ಕೋಡ್ ಸರಿಯಾಗೇ ಇರುತ್ತದೆ. ಅದು ಗೊತ್ತಿಲ್ಲದೆ, ಪ್ರಿವ್ಯೂ ಸರಿ ಕಾಣಲಿ ಅಂತ ಫ್ಲೋಟ್ (ಪಕ್ಕಕ್ಕೆ ಸರಿಸುವ ಹಳೆಯ ಸಿಎಸ್‌ಎಸ್ ವಿಧಾನ) ಸೇರಿಸಿ ಸೇರಿಸಿ ಕೋಡ್ ಹಾಳುಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಜವಾದ ಬ್ರೌಸರ್ ತೆರೆದಿಟ್ಟುಕೊಂಡರೆ ತೊಂದರೆ ಕಳೆಯಿತು. ಆದರೆ ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಡಿಸೈನ್ ವ್ಯೂ ನೋಡುತ್ತಿಲ್ಲ, ಅಪ್‌ಲೋಡ್ ಬೇರೆ ಕಡೆಯಿಂದ, ದಿನದ ಬಹುಪಾಲು ಕೋಡ್ ವ್ಯೂನಲ್ಲೇ ಕಳೆಯುತ್ತಿದೆ ಎಂದಾದರೆ ನಿಮಗೆ ಬೇಕಿರುವುದು ಅಪ್‌ಗ್ರೇಡ್ ಅಲ್ಲ, ವಿಎಸ್ ಕೋಡ್‌ನಂಥ ಉಚಿತ ಎಡಿಟರ್. ಡ್ರೀಮ್‌ವೀವರ್ ವಿಷಯದಲ್ಲಂತೂ 2020ರ ಕೊನೆಗೆ 21ನೇ ಆವೃತ್ತಿ ಬಂದ ಮೇಲೆ ಹೆಚ್ಚಾಗಿ ಬಂದದ್ದು ಅದರೊಳಗಿನ ಸಣ್ಣಪುಟ್ಟ ರಿಪೇರಿಗಳೇ.

ಅಪ್‌ಗ್ರೇಡ್ ಮಾಡಿದರೂ ಸರಿಹೋಗದ ಒಂದು ವಸ್ತು ಇದೆ. ಹಳೆಯ ಡ್ರೀಮ್‌ವೀವರಿನ ಸರ್ವರ್ ಬಿಹೇವಿಯರ್ ಫಲಕದಿಂದ ಡೇಟಾಬೇಸ್ ಪುಟ ಮಾಡಿದ್ದರೆ ಅದು ಬರೆದಿರುವುದು ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಮುಟ್ಟುವ, ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಹಳೆಯ ಫಂಕ್ಷನ್‌ಗಳನ್ನು. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7.0 ಅವನ್ನು ಕಿತ್ತುಹಾಕಿತು. ಸರ್ವರ್ ಪಿಎಚ್‌ಪಿ ಬದಲಿಸಿದ ದಿನ ಪುಟ ಬಿಳಿಯಾಗಿ ನಿಲ್ಲುತ್ತದೆ. ಹೊಸ ಡ್ರೀಮ್‌ವೀವರ್ ಅದನ್ನು ತಿದ್ದಿಕೊಡುವುದಿಲ್ಲ, ಆ ಫಲಕವನ್ನೇ ತೆಗೆದಿದ್ದಾರೆ. ಸಂಪರ್ಕದ ಸಾಲನ್ನೂ ಪ್ರತಿ ಕ್ವೆರಿಯನ್ನೂ ಪಿಎಚ್‌ಪಿಯ ಹೊಸ ವಿಧಾನಗಳಾದ ಮೈಎಸ್‌ಕ್ಯೂಎಲ್‌ಐ ಅಥವಾ ಪಿಡಿಒಗೆ ಕೈಯಾರೆ ಬದಲಿಸಬೇಕು. ಆ ಖರ್ಚನ್ನು ಅಪ್‌ಗ್ರೇಡ್ ಲೆಕ್ಕಕ್ಕೆ ಸೇರಿಸಬೇಡಿ, ಅದು ಹೇಗಿದ್ದರೂ ಬರುವಂಥದ್ದು.

ಸಿದ್ಧ ಕಾಲಂ, ಮೆನುಗಳ ಕೋಡ್ ಕಟ್ಟಾದ ಬೂಟ್‌ಸ್ಟ್ರ್ಯಾಪ್ ಬಳಸುವವರು ಇನ್ನೊಂದು ಕಡೆ ಎಡವುತ್ತಾರೆ. ಹೊಸ ಸಾಫ್ಟ್‌ವೇರಿನ ಇನ್ಸರ್ಟ್ ಫಲಕ ತನಗೆ ಗೊತ್ತಿರುವ ಬೂಟ್‌ಸ್ಟ್ರ್ಯಾಪ್ ಆವೃತ್ತಿಯ ಕೋಡ್ ತುರುಕುತ್ತದೆ, ನಿಮ್ಮ ಸೈಟ್ ಬೇರೆ ಆವೃತ್ತಿಯದ್ದಾಗಿರುತ್ತದೆ. 3ರಲ್ಲಿ 'ಕಾಲ್-ಎಕ್ಸ್‌ಎಸ್-6' ಇದ್ದದ್ದು 4ರಲ್ಲಿ ಬರೀ 'ಕಾಲ್-6'. 4ರಲ್ಲಿ 'ಡೇಟಾ-ಟಾಗಲ್' ಇದ್ದದ್ದು 2021ರ 5ನೇ ಆವೃತ್ತಿಯಲ್ಲಿ 'ಡೇಟಾ-ಬಿಎಸ್-ಟಾಗಲ್'. ಎರಡನೆಯದು ತಪ್ಪಿದರೆ ಬ್ರೌಸರಿನ ತಪ್ಪುಗಳನ್ನು ತೋರಿಸುವ ಕನ್ಸೋಲಿನಲ್ಲಿ ಒಂದೇ ಒಂದು ಕೆಂಪು ಸಾಲೂ ಬರುವುದಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಎಲ್ಲವೂ ಸರಿ, ಮೊಬೈಲಿನಲ್ಲಿ ಮೂರು ಗೆರೆಯ ಮೆನು ಗುಂಡಿ ಮಾತ್ರ ಒತ್ತಿದರೂ ತೆಪ್ಪಗಿರುತ್ತದೆ.

ಇನ್ನು ಪರೀಕ್ಷೆ. ಟ್ರಯಲ್ ಹೆಚ್ಚಾಗಿ 7 ದಿನ, ಕೆಲವದ್ದು 30. ತಯಾರಿ ಇಲ್ಲದೆ ಶುರು ಮಾಡಿದರೆ ಇನ್‌ಸ್ಟಾಲ್ ಮಾಡುವುದರಲ್ಲೇ ಎರಡು ದಿನ ಹೋಗುತ್ತದೆ. ಅದಕ್ಕೂ ಮುಂಚೆ, ಇರುವುದರಲ್ಲಿ ದೊಡ್ಡದಾದ, ಕೊಳಕಾದ ಒಂದು ಸೈಟನ್ನು ಬೇರೆ ಫೋಲ್ಡರಿಗೆ ಪೂರ್ತಿ ನಕಲು ಮಾಡಿ. ಮಾದರಿ ಸೈಟ್ ಯಾವಾಗಲೂ ಪಾಸಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಫೈಲುಗಳ ಬದಲಾವಣೆ ದಾಖಲಿಸುವ ಗಿಟ್ ಪ್ರೋಗ್ರಾಂ ಬಳಸಿ ಆ ನಕಲಿನಲ್ಲಿ 'ಗಿಟ್ ಇನಿಟ್' ಕೊಟ್ಟು ಎಲ್ಲವನ್ನೂ ಕಮಿಟ್ ಮಾಡಿ, ಅಂದರೆ ಈಗಿರುವಂತೆ ದಾಖಲಿಸಿ. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಪುಟ ತೆರೆಯಿರಿ, ಒಂದು ಸ್ಪೇಸ್ ಒತ್ತಿ, ಅದನ್ನು ಅಳಿಸಿ, ಸೇವ್ ಮಾಡಿ. ಈಗ ಏನು ಬದಲಾಯಿತೆಂದು ತೋರಿಸುವ 'ಗಿಟ್ ಡಿಫ್' ನೋಡಿ. ಏನೂ ಬದಲಾಗಿರಬಾರದು.

ಬದಲಾಗಿರುತ್ತದೆ. ಪುಟದ ಎಲ್ಲ 400 ಸಾಲೂ ಬದಲಾದಂತೆ ಕಂಡರೆ ಗಾಬರಿ ಬೇಡ, ಸಾಲಿನ ಕೊನೆಯ ಗುರುತು ವಿಂಡೋಸಿನದ್ದರಿಂದ ಯುನಿಕ್ಸಿನದ್ದಕ್ಕೆ ತಿರುಗಿದೆ ಅಷ್ಟೆ. 'ಗಿಟ್ ಡಿಫ್ -ಡಬ್ಲ್ಯು' ಕೊಟ್ಟರೆ ಆ ಗದ್ದಲ ಮಾಯವಾಗಿ ನಿಜವಾದ ಬದಲಾವಣೆ ಮಾತ್ರ ಉಳಿಯುತ್ತದೆ. ಡ್ರೀಮ್‌ವೀವರಿನ ಪ್ರಿಫರೆನ್ಸಸ್‌ನಲ್ಲಿ ಲೈನ್ ಬ್ರೇಕ್ ಆಯ್ಕೆಯನ್ನು ಹಳೆಯದಕ್ಕೆ ಹೊಂದಿಸಿ. ಮೊದಲ ಸಾಲು ಮಾತ್ರ ಬದಲಾಗಿ, ಅಲ್ಲಿ ಕಣ್ಣಿಗೆ ಏನೂ ಕಾಣದಿದ್ದರೆ ಅದು ಬಿಒಎಂ: ಯುಟಿಎಫ್-8 ಫೈಲಿನ ತಲೆಯಲ್ಲಿ ಕೂರುವ ಮೂರು ಬೈಟು. ಎಚ್‌ಟಿಎಂಎಲ್‌ಗೆ ಅದರಿಂದ ಹಾನಿಯಿಲ್ಲ, ಪಿಎಚ್‌ಪಿ ಫೈಲಿಗೆ ಮಾತ್ರ ಕುತ್ತು. ಹೆಡರ್ ಆಗಲೇ ಕಳುಹಿಸಿಯಾಗಿದೆ ಎಂಬ ತಪ್ಪು ಬಂದು ಲಾಗಿನ್, ರೀಡೈರೆಕ್ಟ್ ಎರಡೂ ನಿಲ್ಲುತ್ತವೆ. ಹೊಸ ಡಾಕ್ಯುಮೆಂಟ್ ಆಯ್ಕೆಗಳಲ್ಲಿ ಯೂನಿಕೋಡ್ ಸಿಗ್ನೇಚರ್ ಟಿಕ್ ತೆಗೆಯಿರಿ. ಇನ್ನು ಕೋಟ್ ಚಿಹ್ನೆ, ಇಂಡೆಂಟ್, ಟ್ಯಾಗ್ ಮುಚ್ಚುವ ರೀತಿ ಬದಲಾಗಿದ್ದರೆ ಕೋಡ್ ರೀರೈಟಿಂಗ್ ಆಯ್ಕೆಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬನ್ನಿ.

ಟೆಂಪ್ಲೇಟ್ (ಹಲವು ಪುಟಗಳಿಗೆ ಒಂದೇ ಅಚ್ಚು) ಇರುವ ಸೈಟಿನಲ್ಲಿ ಇನ್ನೂ ಜೋಪಾನ. ಹೊಸ ಆವೃತ್ತಿಯಲ್ಲಿ ಟೆಂಪ್ಲೇಟ್ ಸೇವ್ ಮಾಡಿದ ಕೂಡಲೇ ಅದನ್ನು ಬಳಸುವ ಪುಟಗಳನ್ನೆಲ್ಲ ಅಪ್‌ಡೇಟ್ ಮಾಡಲೇ ಎಂದು ಕೇಳುತ್ತದೆ. ಮೊದಲ ಸಲ ಬೇಡ ಅನ್ನಿ. ಒಂದು ಪುಟಕ್ಕೆ ಮಾತ್ರ ಮಾಡಿ, ಡಿಫ್ ನೋಡಿ, ಆಮೇಲೆ ಉಳಿದ 200ಕ್ಕೆ.

ಕನ್ನಡದ ಪುಟವಿದ್ದರೆ ಒಂದೇ ಸಾಲಿನ ಪರೀಕ್ಷೆ ಸಾಕು: 'ಸ್ವಾತಂತ್ರ್ಯ, ರಾಷ್ಟ್ರ, ಅರ್ಥ, ಲಕ್ಷ್ಮೀ'. ಡಿಸೈನ್ ಪ್ರೋಗ್ರಾಮಿನಲ್ಲಿ ಒತ್ತಕ್ಷರ ಒಡೆಯದೆ, ಅರ್ಕಾವತ್ತು ಜಾಗ ತಪ್ಪದೆ ಬಂದರೆ ಸರಿ. ಹಳೆಯ ಹಲವು ಪ್ರೋಗ್ರಾಮುಗಳು ಇಲ್ಲೇ ಬೀಳುತ್ತವೆ. ಅಕ್ಷರ ಚಿತ್ರವಾಗಿ ಹೋಗುವ ಬ್ಯಾನರ್ ಮಾಡುವವರಿಗೆ ಅಪ್‌ಗ್ರೇಡ್ ಮಾಡಲು ಇದೊಂದೇ ಸಾಕಾಗಬಹುದು.

ಇದೆಲ್ಲ ದಾಟಿದ ಮೇಲೆ ಲೆಕ್ಕ. ಕಳೆದ ಮೂರು ಸೈಟುಗಳನ್ನು ನೆನಪಿಸಿಕೊಂಡು, ಹೊಸ ಫೀಚರುಗಳಲ್ಲಿ ಆಗ ನಿಜವಾಗಿ ಕೈಗೆ ಬರುತ್ತಿದ್ದವು ಯಾವುವು ಎಂದು ಗುರುತು ಹಾಕಿ. ಅವುಗಳಿಂದ ವಾರಕ್ಕೆ 40 ನಿಮಿಷ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 48 ಕೆಲಸದ ವಾರವೆಂದರೆ 32 ಗಂಟೆ. ಹೊಸ ಮೆನು, ಶಾರ್ಟ್‌ಕಟ್ ಕಲಿಯಲು 15 ಗಂಟೆ, ಸೈಟ್ ಸೆಟ್ಟಿಂಗ್, ಸ್ನಿಪೆಟ್ (ಎತ್ತಿಟ್ಟ ಕೋಡ್ ತುಣುಕು), ಎಕ್ಸ್‌ಟೆನ್ಷನ್ ಸಾಗಿಸಲು 8 ಗಂಟೆ ಹೋದರೆ ಮೊದಲ ವರ್ಷ ಕೈಗೆ ಸಿಗುವುದು 9. ಉಳಿಯುವುದು 20 ನಿಮಿಷ ಮಾತ್ರವಾದರೆ 16 ಗಂಟೆ ಬಂದು 23 ಹೋಯಿತು, ನಷ್ಟ. ಚಂದಾ ಮಾದರಿಯಾದರೆ ಪ್ಲಾನಿನ ಹೆಸರು ಗಮನವಿಟ್ಟು ಓದಿ. ಬರೀ ತಿಂಗಳ ಚಂದಾ ಬೇರೆ, ವರ್ಷದ ಕರಾರಿಗೆ ತಿಂಗಳ ಕಂತು ಬೇರೆ. ಎರಡನೆಯದನ್ನು ನಡುವೆ ಬಿಟ್ಟರೆ ದಂಡ ಬೀಳಬಹುದು. ಚಂದಾ ನಿಂತ ದಿನ ಪ್ರೋಗ್ರಾಂ ತೆರೆಯುತ್ತದೆಯೇ ಅನ್ನುವುದನ್ನೂ ನೋಡಿ. ಸ್ಕೆಚ್‌ನ ಮ್ಯಾಕ್ ಲೈಸೆನ್ಸಿನಲ್ಲಿ ಒಂದು ವರ್ಷದ ಅಪ್‌ಡೇಟ್ ಮುಗಿದರೂ ಆ ಆವೃತ್ತಿ ನಡೆಯುತ್ತಲೇ ಇರುತ್ತದೆ. ಅಡೋಬಿಯ ಚಂದಾ ಯೋಜನೆ ಕ್ರಿಯೇಟಿವ್ ಕ್ಲೌಡ್‌ನಲ್ಲಿ ಹಾಗಿಲ್ಲ.

ಮಾಡುವುದು ಎಂದಾದರೆ, ಸೈಟ್ ಬಿಡುಗಡೆಯ ವಾರ ಬೇಡ. ಕೊನೆಗೆ ಸೊನ್ನೆ ಇರುವ ಆವೃತ್ತಿಯೂ ಬೇಡ, ಮೊದಲ ರಿಪೇರಿ ಬರಲಿ. ಹಳೆಯ ಡ್ರೀಮ್‌ವೀವರಿನಲ್ಲಿ ಮ್ಯಾನೇಜ್ ಸೈಟ್ಸ್‌ಗೆ ಹೋಗಿ ಸೈಟ್ ವಿವರಗಳನ್ನು ಎಸ್‌ಟಿಇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಪಾಸ್‌ವರ್ಡ್ ಸೇರಿಸಬೇಕೇ ಎಂದು ಕೇಳುತ್ತದೆ, ಸೇರಿಸಿದರೆ ಆ ಫೈಲನ್ನು ಯಾರಿಗೂ ಕಳುಹಿಸಬೇಡಿ. ಸ್ನಿಪೆಟ್ಟುಗಳು ಯೂಸರ್ ಕಾನ್ಫಿಗರೇಷನ್ ಫೋಲ್ಡರಿನಲ್ಲಿರುತ್ತವೆ, ಆ ಫೋಲ್ಡರನ್ನೇ ಎತ್ತಿಡಿ. ಎಂಎಕ್ಸ್‌ಪಿ ರೂಪದ ಹಳೆಯ ಎಕ್ಸ್‌ಟೆನ್ಷನ್‌ಗಳ ಆಸೆ ಬಿಡಿ. ಅವು ಮಾಡಿಕೊಟ್ಟ ಮೆನು ಸೈಟಿನಲ್ಲಿ ಓಡುತ್ತದೆ, ತಿದ್ದುವ ಡೈಲಾಗ್ ಮಾತ್ರ ಇನ್ನು ತೆರೆಯದು.

ಹಳೆಯದನ್ನು ಕೂಡಲೇ ಅಳಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಇಡೀ ಸೈಟ್ ಹೊಸದರಲ್ಲಿ ಮುಗಿಸಿ. ಕೊನೆಗೆ ಅಳಿಸುವ ದಿನ, ಅನ್‌ಇನ್‌ಸ್ಟಾಲ್‌ಗೆ ಮೊದಲು ಹೆಲ್ಪ್ ಮೆನುವಿನಲ್ಲಿ ಡಿಆಕ್ಟಿವೇಟ್ ಒತ್ತಿ. ಸಿಎಸ್ ಕಾಲದ ಲೈಸೆನ್ಸುಗಳು ಎರಡು ಕಂಪ್ಯೂಟರುಗಳಿಗಷ್ಟೇ. ಡಿಆಕ್ಟಿವೇಟ್ ಮಾಡದೆ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಒಂದು ಸೀಟು ಇಲ್ಲದ ಕಂಪ್ಯೂಟರಿನ ಹೆಸರಲ್ಲೇ ಉಳಿದುಹೋಗುತ್ತದೆ.