ಮೈಸೂರು–ಮಂಡ್ಯದಲ್ಲಿ ಎರಡು ದಿನ: ಸವೆದುಹೋದ ಪರ್ವತಗಳ ಬುಡ ಹುಡುಕುತ್ತಾ

ಮಗಳು ಭೂವಿಜ್ಞಾನ ಓದುತ್ತಿದ್ದಾಳೆ. ಪರ್ವತ ಹೇಗೆ ಹುಟ್ಟುತ್ತೆ ಅನ್ನುವ ಪಾಠ ಶುರುವಾದ ದಿನದಿಂದ ಹಿಮಾಲಯಕ್ಕೆ ಹೋಗೋಣ ಅಂತ ಹಟ ಹಿಡಿದಿದ್ದಳು. ಹೋಗೋಣ, ಮೊದಲು ಮನೆ ಹತ್ತಿರದ್ದು ನೋಡೋಣ ಅಂದೆ. ಜನವರಿಯಲ್ಲಿ ಒಂದು ಶನಿವಾರ, ಭಾನುವಾರ ಸುತ್ತಿ ಬಂದೆವು. ಅದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಚಾಮುಂಡಿ ಬೆಟ್ಟದಿಂದಲೇ ಶುರು ಮಾಡಿ. ಬೆಳಿಗ್ಗೆ ಆರಕ್ಕೆಲ್ಲ ಮೆಟ್ಟಿಲ ಬುಡದಲ್ಲಿರಿ. ನಂದಿಗೆ ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದೆ, ಅಲ್ಲಿ ಕಲ್ಲಿನ ಗುಣ ಕಾಣುವುದಿಲ್ಲ. ಸುತ್ತಲಿನ ಬಂಡೆ ನೋಡಿ. ಕಾಳು ಕಾಳಾಗಿ ಹೊಂದಿಕೊಂಡ ಗ್ರಾನೈಟ್, ಪಟ್ಟೆ ಅನ್ನುವುದೇ ಇಲ್ಲ. ನೆಲದೊಳಗೆ ಕರಗಿದ ಶಿಲೆ ನಿಧಾನವಾಗಿ ಆರಿ ಆದದ್ದು ಇದು, ಸುಮಾರು 80 ಕೋಟಿ ವರ್ಷ ಹಳೆಯದು. ಈ ಬೆಟ್ಟವನ್ನು ಯಾವುದೂ ಕೆಳಗಿನಿಂದ ಮೇಲಕ್ಕೆ ತಳ್ಳಿ ನಿಲ್ಲಿಸಿಲ್ಲ. ಸುತ್ತಲಿನ ನೆಲ ಬೇಗ ಸವೆಯಿತು, ಗಟ್ಟಿ ಗ್ರಾನೈಟ್ ಉಳಿಯಿತು. ನಿಜವಾದ ಪರ್ವತಶ್ರೇಣಿಯ ಗುರುತು ಬೇಕಿದ್ದರೆ ಕೆಳಗಿಳಿದು ಬಯಲಿಗೇ ಹೋಗಬೇಕು. ನನಗೂ ಇದು ಹೊಸ ವಿಷಯವಾಗಿತ್ತು.

ಅಲ್ಲಿಂದ ಶ್ರೀರಂಗಪಟ್ಟಣ, ಮೈಸೂರಿನಿಂದ ಹದಿನೈದು ಕಿಲೋಮೀಟರ್ ಅಷ್ಟೆ. ಕಾವೇರಿಯಲ್ಲಿ ನೀರು ಕಡಿಮೆ ಇರುವಾಗ ಹೊಳೆಯ ಬಂಡೆಗಳು ಮೇಲೆದ್ದಿರುತ್ತವೆ. ಇದೇ ನೈಸ್ ಅನ್ನುವ ಪಟ್ಟೆ ಪಟ್ಟೆಯ ಶಿಲೆ, ನಮ್ಮ ನಾಡಿನ ತಳಪಾಯದ ಕಲ್ಲು. 300 ಕೋಟಿ ವರ್ಷದ ಆಸುಪಾಸಿನದು. ಒಣಗಿದ ಬಂಡೆ ಬರೀ ಬೂದು ಬಣ್ಣ, ಏನೂ ಕಾಣಲ್ಲ. ಬಾಟಲಿಯಿಂದ ಒಂದು ಬೊಗಸೆ ನೀರು ಸುರಿಯಿರಿ. ಬಿಳಿ, ಕಪ್ಪು ಪಟ್ಟೆಗಳು ತಟ್ಟನೆ ಏಳುತ್ತವೆ. ನಾವು ನೀರು ಸುರಿದ ಕಡೆ ಅಂಗೈ ಅಗಲದ ಒಂದು ಮಡಿಕೆ ಇತ್ತು. ಕಪ್ಪು ಪಟ್ಟೆಯೊಂದು ನೇರವಾಗಿ ಬಂದು, ಹೇರ್‌ಪಿನ್ ಹಾಗೆ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು. ತಿರುವಿನಲ್ಲಿ ಬೆರಳಿನಷ್ಟು ದಪ್ಪ, ಎರಡು ಪಕ್ಕದಲ್ಲಿ ದಾರದಷ್ಟು ತೆಳು. ಎಲ್ಲೂ ಒಂದು ಬಿರುಕಿಲ್ಲ.

ಕಲ್ಲು ಮುರಿಯದೆ ಹೇಗೆ ಬಾಗಿತು? ಉತ್ತರ ಮಂಡ್ಯದ ಆಲೆಮನೆಯಲ್ಲಿದೆ. ಅರ್ಧ ಆರಿದ ಬೆಲ್ಲ ಹೇಳಿದ ಹಾಗೆ ಬಾಗುತ್ತೆ, ಪೂರ್ತಿ ಆರಿದ ಅಚ್ಚು ಟಕ್ಕನೆ ಮುರಿಯುತ್ತೆ. ಆಳದಲ್ಲಿ ಬಿಸಿಯಾಗಿದ್ದಾಗ ಈ ಕಲ್ಲು ಕರಗದೆಯೇ ಮೆತ್ತಗಾಗಿ, ಒತ್ತಡಕ್ಕೆ ಮಡಿಚಿಕೊಂಡಿತು. ತಣ್ಣಗಾದ ಮೇಲೆ ಸೀಳಿತು. ಆ ಸೀಳಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದದ್ದೇ ಡೈಕ್. ಶ್ರೀರಂಗಪಟ್ಟಣದ ಸುತ್ತ ಡೈಕ್‌ಗಳು ಜಾಸ್ತಿ. ಬಾಗಿದ್ದು, ಸೀಳಿದ್ದು ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದು.

ಮೊಬೈಲಿನ ದಿಕ್ಸೂಚಿಯನ್ನು ಪಟ್ಟೆಯ ಉದ್ದಕ್ಕೆ ಹಿಡಿದು ನೋಡಿ. ನಾಲ್ಕೈದು ಕಡೆ ನೋಡಿದರೆ ಹೆಚ್ಚು ಕಡಿಮೆ ಉತ್ತರ–ದಕ್ಷಿಣ ಬರುತ್ತದೆ. ಗದಗದಿಂದ ಈ ಕಡೆಗೆ ಇಳಿಯುವ ಚಿತ್ರದುರ್ಗದ ಶಿಲಾಪಟ್ಟಿಯ ದಿಕ್ಕೂ ಅದೇ. ಮಡಿಕೆ ಏಳುವುದು ಹಿಂಡಿದ ದಿಕ್ಕಿಗೆ ಅಡ್ಡವಾಗಿ, ಅಂದರೆ ಹಿಂಡಿದ್ದು ಪೂರ್ವ–ಪಶ್ಚಿಮದಿಂದ. ಇಲ್ಲಿ ಪರ್ವತ ಎಬ್ಬಿಸಿದ ಆ ದೊಡ್ಡ ಹಿಂಡಾಟ ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಭಾರತ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳಲು ಶುರುವಾದದ್ದು ಸುಮಾರು 5 ಕೋಟಿ ವರ್ಷದ ಹಿಂದೆ.

ಒಂದು ಎಚ್ಚರಿಕೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತದೆ. ಊರಿನವರನ್ನು ಕೇಳಿಯೇ ಇಳಿಯಿರಿ. ಮಳೆಗಾಲದಲ್ಲಿ ಬೇಡವೇ ಬೇಡ.

ಹೊತ್ತಿದ್ದರೆ ಸೋಮನಾಥಪುರಕ್ಕೆ ಹೋಗಿ ಬನ್ನಿ. ಆ ದೇವಸ್ಥಾನದ ಬಳಪದ ಕಲ್ಲೂ ಇಂಥದೇ ಬಿಸಿ, ಒತ್ತಡ, ನೀರಿನಿಂದ ರೂಪ ಬದಲಿಸಿಕೊಂಡದ್ದು.

ಎರಡನೇ ದಿನ ಪೂರ್ತಿ ಸರಗೂರಿಗೆ ಇಡಿ. ಹೆಗ್ಗಡದೇವನಕೋಟೆ ಕಡೆಯ ಈ ಸಣ್ಣ ಊರಿನ ಹೆಸರು ಭೂವಿಜ್ಞಾನಿಗಳಿಗೆಲ್ಲ ಗೊತ್ತು. 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಒಂದು ಗುಂಪಿಗೆ ಸರಗೂರಿನ ಹೆಸರನ್ನೇ ಇಟ್ಟಿದ್ದಾರೆ. ಒಂದು ಹೊಲದ ಬದುವಿನಲ್ಲಿ ಮಗಳಿಗೆ ಕಯನೈಟ್ ಅನ್ನುವ ಖನಿಜ ಸಿಕ್ಕಿತು. ಕಿರುಬೆರಳಿನಷ್ಟು ಉದ್ದದ ನೀಲಿ ಚಕ್ಕೆ. ಚಾಕುವಿನಿಂದ ಉದ್ದಕ್ಕೆ ಎಳೆದಳು, ಗೀರು ಬಿತ್ತು. ಅಡ್ಡಕ್ಕೆ ಎಳೆದಳು, ಚಾಕು ಜಾರಿತು. ಒಂದೇ ಕಲ್ಲು, ಎರಡು ಗಟ್ಟಿತನ. ಮೂಲದಲ್ಲಿ ಇದು ಜೇಡಿಮಣ್ಣು. ಹತ್ತಾರು ಕಿಲೋಮೀಟರ್ ಆಳಕ್ಕೆ ಹೋಗಿ ಬೆಂದು, ಒತ್ತಿಸಿಕೊಂಡು ಹೀಗಾಗಿದೆ.

ಹಾಗಾದರೆ ಅಷ್ಟು ಆಳದ್ದು ಹೊಲಕ್ಕೆ ಬಂದದ್ದು ಹೇಗೆ ಅಂತ ಮಗಳನ್ನೇ ಕೇಳಿದೆ. ಹರಿಗೋಲಿನಿಂದ ಜನ ಒಬ್ಬೊಬ್ಬರೇ ಇಳಿದರೆ ಅದು ಮೇಲೆ ಬರುತ್ತಲ್ವಾ, ಹಾಗೆ ಅಂದಳು. ಮಳೆ ಗಾಳಿಗೆ ಪರ್ವತದ ತಲೆ ಸವೆದ ಹಾಗೆಲ್ಲ ಭಾರ ಇಳಿದು ಬುಡ ಮೇಲೇರುತ್ತದೆ. ಎವರೆಸ್ಟ್ ತುದಿಯಲ್ಲಿ ಇರುವುದು ಸಮುದ್ರದ ತಳದ ಸುಣ್ಣದ ಕಲ್ಲು, ಅದು ಪರ್ವತದ ನೆತ್ತಿ. ನಾವು ನಿಂತಿದ್ದ ರಾಗಿ ಹೊಲ ಪರ್ವತದ ಬುಡ. ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಎರಡು ಲೀಟರ್ ಹೆಚ್ಚುವರಿ ನೀರು, ಟೋಪಿ ಇರಲಿ. ಸುತ್ತಿಗೆ ಬೇಡ, ಹಳೆಯ ಒಡಕಲು ಬೇಕಾದಷ್ಟು ಬಿದ್ದಿರುತ್ತದೆ. ಫೋಟೋ ತೆಗೆಯುವಾಗ ಅಳತೆಗೆ ಒಂದು ನಾಣ್ಯ ಇಡಿ. ಹೊಲಕ್ಕೆ ಕಾಲಿಡುವ ಮೊದಲು ಕೇಳಿ, ಅರೆಯ ಮೇಲೆ ಕಾಳು ಒಣಗಿಸಿದ್ದರೆ ದೂರ ಇರಿ. "ಚಿನ್ನ ಹುಡುಕ್ತಿದ್ದೀರಾ?" ಅಂತ ಎಲ್ಲರೂ ಕೇಳುತ್ತಾರೆ. ಸುಮ್ನೆ ನಗಬೇಡಿ, ಮಸೂರ ಕೊಟ್ಟು ತೋರಿಸಿ. ನಮಗೆ ಆ ಹೊಲದ ಅಜ್ಜಿಯೇ ಇನ್ನೊಂದು ಬದು ತೋರಿಸಿದರು. ಅಲ್ಲಿ ಕೆಂಪು ಗಾರ್ನೆಟ್ ಹರಳುಗಳಿದ್ದವು, ಸಾಸಿವೆ ಚೆಲ್ಲಿದ ಹಾಗೆ.

ಸಂಜೆ ನಾಲ್ಕಕ್ಕೆ ಹೊರಟುಬಿಡಿ. ಕಾಡು ಹತ್ತಿರ, ಕತ್ತಲಾದ ಮೇಲೆ ಆನೆ ಓಡಾಡುವ ಸೀಮೆ ಅದು.